ಬಸಮ್ಮ ಬೆಟ್ಟದ ಬಂಗಲೆಯಲ್ಲಿ ಉಳಿದದ್ದು

ಹಾರನಹಳ್ಳಿಯ ಬಸಮ್ಮನವರ ವಿಷಯ ಹೇಳಲೇಬೇಕು. ಅವರು ಓದಿದವರಲ್ಲ, ದೊಡ್ಡ ಮನೆತನದವರೂ ಅಲ್ಲ. ಆದರೆ ನಾವೆಲ್ಲ ಹುಟ್ಟಿದಾಗಿನಿಂದ ತುಳಿದು ಓಡಾಡುತ್ತಿರುವ ಈ ಸೀಮೆ ಎಷ್ಟು ದೊಡ್ಡದು, ಎಷ್ಟು ಚೆಂದ ಎಂದು ಕಣ್ಣಾರೆ ಕಂಡವರು ಅವರು. ಕಂಡದ್ದನ್ನು ಬಂದವರಿಗೆಲ್ಲ ತೋರಿಸುತ್ತಲೂ ಇದ್ದಾರೆ. ಅದಕ್ಕೇ ಹೇಳುತ್ತಿದ್ದೇನೆ.

ಅವರ ಗಂಡ ಮರುಳಪ್ಪ ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಐವತ್ತೆಂಟನೇ ಇಸವಿಯಲ್ಲಿ ಸೊಂಟ ಹಿಡಿಯಿತು. ಇನ್ನು ಭಾರ ಎತ್ತಕೂಡದು ಎಂದರು ಡಾಕ್ಟರು. ಮೂಟೆ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ. ಆಗಲೇ, ಬೇಲೂರಿನಾಚೆ ಬೆಟ್ಟದ ಮೇಲಿನ ಒಂದು ಟೀ ತೋಟದಲ್ಲಿ ಗೆಸ್ಟ್‌ಹೌಸು ನೋಡಿಕೊಳ್ಳಲು ಗಂಡಹೆಂಡತಿ ಬೇಕಂತೆ ಎಂಬ ಸುದ್ದಿ ಬಂತು. ಹಿಂದೆ ಬಿಳಿಯ ದೊರೆಯೊಬ್ಬ ಕಟ್ಟಿಸಿದ್ದ ಬಂಗಲೆ ಅದು. ಮರುಳಪ್ಪ ಹೋಗಿ ಕೇಳಿದರು. ತೋಟದ ಮ್ಯಾನೇಜರು ಪಾರ್ಥಸಾರಥಿ ಒಂದೇ ಮಾತು ಹೇಳಿದರು.

“ನಿಮ್ಮನ್ನ ನೋಡಿ ಕೆಲಸ ಕೊಡೋಲ್ಲ ಮರುಳಪ್ಪನೋರೆ. ಹಿಂದೆ ಇದ್ದ ಇಬ್ಬರೂ ಹೆಂಡತಿಗೆ ಬೇಜಾರು ಅಂತ ಬಿಟ್ಟು ಓಡಿದ್ರು. ಮನೆಯವರನ್ನ ಕರ್ಕೊಂಡು ಬನ್ನಿ, ನಾಲ್ಕು ದಿನ ಬಂಗಲೇಲಿ ಇರಿ. ಅವರು ಹೂಂ ಅಂದ್ರೆ ಕೆಲಸ ನಿಮ್ದು.”

ಹಾಗಾಗಿ ಆ ಮನೆಯ ಅನ್ನ ಬಸಮ್ಮನವರ ಒಂದು ಹೂಂ ಮೇಲೆ ನಿಂತಿತು.

ಬೇಲೂರಿನವರೆಗೆ ಬಸ್ಸು, ಅಲ್ಲಿಂದ ತೋಟದ ಜೀಪು. ಮೇಲೆ ಹತ್ತುತ್ತ ಹತ್ತುತ್ತ ಮಂಜು ಸುತ್ತಿಕೊಂಡಿತು. ಬಂಗಲೆಯ ಒಳಗೆ ಕಾಲಿಟ್ಟರೆ ಮರದ ನೆಲ ಕಿರ್ರೆಂದಿತು. ಕತ್ತೆತ್ತಿ ನೋಡಿದರೆ ಮಾಡು ದೇವಸ್ಥಾನದಷ್ಟು ಎತ್ತರ. ಮಲಗುವ ಕೋಣೆಯ ಗೋಡೆಯೊಳಗೆ ಒಂದು ಒಲೆ.

“ಇದೇನ್ರೀ, ಮಲಗೋ ಮನೇಲಿ ಒಲೆ ಹೂಡವ್ರೆ?”

“ಚಳಿ ಕಾಯಿಸ್ಕಳಾಕಂತೆ ಕಣೇ.”

“ದೊರೆ ಹೆಂಡ್ತಿಗೆ ಅಡುಗೆಮನೆಗಂಟ ಹೋಗಾಕೂ ಸೋಮಾರಿತನ ಇತ್ತೇನೋ.”

ನಕ್ಕರು ನಿಜ. ಆದರೆ ಕಿಟಕಿಯ ಗಾಜಿನಾಚೆ ಬರೀ ಬಿಳುಪು ಕಂಡಾಗ ನಗು ಆರಿತು.

“ಒಂದು ನಾಯಿ ಬೊಗಳಾಕಿಲ್ಲ. ಒಂದು ತೆಂಗಿನ ಮರ ಇಲ್ಲ. ಎಲ್ಲಿಗೆ ತಂದುಬುಟ್ರಿ ನನ್ನ?”

ಮರುಳಪ್ಪ ಸೊಂಟ ನೀವಿಕೊಂಡು ಕೂತರು.

ಮಾರನೇ ದಿನ ಮಧ್ಯಾಹ್ನ ಊಟಕ್ಕೆ ಬರುತ್ತೇನೆ ಎಂದು ಮ್ಯಾನೇಜರು ಹೇಳಿ ಕಳಿಸಿದರು. ಮನೆಯಲ್ಲಿ ಬೇಳೆ ಇದೆ, ರಾಗಿಹಿಟ್ಟು ಇದೆ, ತರಕಾರಿ ಇಲ್ಲ. ಬಸಮ್ಮ ಹೊರಗೆ ಬಂದು ನಿಂತರು. ಹೆಂಗಸರ ಗುಂಪೊಂದು ಬುಟ್ಟಿ ಹೊತ್ತು ಹೋಗುತ್ತಿತ್ತು.

“ಎಲ್ಲಿಗವ್ವಾ ಹೊಂಟ್ರಿ?”

“ಸೊಪ್ಪು ಕೀಳಾಕೆ ಕಣವ್ವ,” ಎಂದರು ಗುಂಪಿನ ಹಿರಿಯಾಕೆ ಮುದ್ದಮ್ಮ.

ಬಸಮ್ಮನವರಿಗೆ ಹೋದ ಜೀವ ಬಂದಂತಾಯಿತು. ಸೊಪ್ಪು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ, ಸಾರಿಗೆ ಹಾಕುವಂಥದ್ದು. ಟೀ ಅನ್ನುವುದೂ ಕಾಫಿಯ ಹಾಗೆ ಬೀಜ ಎಂದೇ ಅವರು ತಿಳಿದಿದ್ದರು. ಬಂಗಲೆಯ ಪಕ್ಕದ ಗಿಡಗಳಲ್ಲಿ ಎಳೆ ಕುಡಿ ನೋಡಿ ನೋಡಿ ಚಿವುಟಿ ಮಡಿಲು ತುಂಬಿಸಿಕೊಂಡರು. ಬೇಳೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಗಮಗಮ ಅನ್ನುವ ಸಾರು ಮಾಡಿದರು.

ಮ್ಯಾನೇಜರು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ಮುಖ ಹಿಂಡಿಕೊಂಡಿತು. ನೀರು ಕುಡಿದರು. ಇನ್ನೊಂದು ಲೋಟ ಕುಡಿದರು.

“ಅಮ್ಮಾ, ಇದು ಯಾವ ಸೊಪ್ಪು?”

“ನಿಮ್ಮ ತೋಟದ್ದೇ ಸ್ವಾಮಿ. ಬೆಟ್ಟದ ತುಂಬ ಬೆಳೆಸಿದ್ದೀರಲ್ಲ.”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಟೀ ಪುಡಿ ಆಗುವುದು ಈ ಸೊಪ್ಪೇ ಎಂದು ಆಮೇಲೆ ಹೇಳಿದರು. ಮಾತು ತೋಟವೆಲ್ಲ ಹಬ್ಬಿತು. ಸಂಜೆ ವಾಪಸು ಹೋಗುತ್ತಿದ್ದ ಹೆಂಗಸರು ಬೇಲಿಯಾಚೆಯಿಂದಲೇ, “ಬಸಮ್ಮಾ, ನಾಳೀಕೆ ಪಲ್ಯ ಏನವ್ವಾ?” ಎಂದು ಕೂಗಿದರು.

ಬಸಮ್ಮ ಒಳಗೆ ಹೋಗಿ ಬಟ್ಟೆಯನ್ನೆಲ್ಲ ಪೆಟ್ಟಿಗೆಗೆ ತುಂಬಿದರು. “ನಾಳೆ ಜೀಪಿಗೆ ಹೋಗಾನ. ನಗೆಪಾಟಲಾಗಿ ಇಲ್ಲಿರಾಕೆ ನನ್ನ ಕೈಲಾಗಾಕಿಲ್ಲ.”

“ನಿನ್ನಿಷ್ಟ ಕಣೇ,” ಎಂದರು ಮರುಳಪ್ಪ. ಊರಿಗೆ ಹೋಗಿ ಮಾಡುವುದೇನು ಎಂದು ಅವರು ಕೇಳಲಿಲ್ಲ. ಕೇಳದಿದ್ದರೂ ಬಸಮ್ಮನವರಿಗೆ ಗೊತ್ತಿತ್ತು.

ನಸುಕಿನಲ್ಲೇ ಲಿಂಗಪೂಜೆ ಮುಗಿಸಿ, ಪೆಟ್ಟಿಗೆ ಜಗಲಿಗಿಡಲು ಬಾಗಿಲು ತೆರೆದರೆ ಮುದ್ದಮ್ಮ ನಿಂತಿದ್ದರು.

“ನಕ್ಕಿದ್ಕೆ ಸಿಟ್ಟಾ? ನಾನು ಹೊಸದಾಗಿ ಬಂದಾಗ ಇದೇ ಸೊಪ್ಪನ್ನ ಮೇಕೆಗೆ ಹಾಕಿದ್ದೆ. ಅದು ಮೂಸಿನೂ ನೋಡ್ಲಿಲ್ಲ. ನೀನು ಮ್ಯಾನೇಜರ್ಗೇ ತಿನ್ಸಿದ್ದೀಯ, ಗಟ್ಟಿಗಿತ್ತಿ ನೀನು! ಜೀಪು ಬರಾದು ಹೊತ್ತಾಯ್ತದೆ. ಅಲ್ಲೀಗಂಟ ನನ್ ಜೊತೆ ಮೇಲಕ್ಕೆ ಬಾ.”

ಬಸಮ್ಮನವರಿಗೆ ನಗು ಬಂದುಬಿಟ್ಟಿತು. ಸೆರಗು ಬಿಗಿದು ಹೊರಟರು. ಗಿಡಗಳ ಸಾಲಿನ ನಡುವೆ ಕಾಲುದಾರಿ. ಮಂಜಿನಲ್ಲಿ ಮುಂದೆ ಹೋಗುತ್ತಿದ್ದ ಮುದ್ದಮ್ಮನವರ ಬೆನ್ನಷ್ಟೇ ಕಾಣುತ್ತಿತ್ತು. ನೆತ್ತಿ ಮುಟ್ಟಿದಾಗ ಗಾಳಿ ಬೀಸಿತು.

ಮಂಜು ಮೆಲ್ಲಗೆ ಕೆಳಕ್ಕೆ ಜಾರಿತು. ಕಡೆಯುವಾಗ ಮಜ್ಜಿಗೆಯ ಮೇಲೆ ಏಳುವ ನೊರೆಯ ಹಾಗೆ ಕಣಿವೆಯ ತುಂಬ ನಿಂತಿತು. ಆ ನೊರೆಯೊಳಗಿಂದ ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ಎದ್ದು ಬಂದವು. ಬಸಮ್ಮ ತಿಳಿಯದೆಯೇ ಕೈ ಮುಗಿದಿದ್ದರು. ಅಷ್ಟರಲ್ಲಿ ಮೂಡಲಿಗೆ ಹೊತ್ತು ಹುಟ್ಟಿತು. ದೂರದ ಬಯಲಲ್ಲಿ ಕೆರೆಗಳು ಒಂದೊಂದಾಗಿ ಹೊಳೆದವು.

“ಅಗಾ, ದೊಡ್ಡದಾಗಿ ಹೊಳೀತೈತಲ್ಲ, ಅದು ಹಳೇಬೀಡಿನ ಕೆರೆ. ಅದ್ರಾಚೆ ಮಸುಕು ಮಸುಕಾಗಿ ಐತಲ್ಲ, ಅದೇ ನಿನ್ನ ಸೀಮೆ.”

ಬಸಮ್ಮ ಅತ್ತಲೇ ನೋಡುತ್ತ ನಿಂತರು. ನೀರು ಹೊತ್ತದ್ದು, ಮದುವೆಯಾದದ್ದು, ಸಂತೆಗೆ ನಡೆದದ್ದು, ಎಲ್ಲ ಆ ಮಸುಕಿನೊಳಗೇ. ಕೊನೆಗೆ ಅಂದರು, “ಇಷ್ಟು ದಿನ ಅದ್ರೊಳಗೇ ಇದ್ದೆ ಕಣಕ್ಕ. ಅದು ಹಿಂಗೈತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ.”

ಕೆಳಗಿಳಿದು ಬಂದಾಗ ಜೀಪು ನಿಂತಿತ್ತು. ಮರುಳಪ್ಪ ಜಗಲಿಯ ಮೇಲೆ ಪೆಟ್ಟಿಗೆಯ ಪಕ್ಕ ಕೂತಿದ್ದರು.

“ಏನ್ರೀ, ಆ ಪೆಟ್ಟಿಗೆ ಒಳೀಕೆ ತಗಂಡೋಗಿ.”

“ಯಾಕೆ?”

“ಯಾಕೆ ಅಂದ್ರೆ? ನಾಳೆ ನೀವೂ ಬನ್ನಿ, ನೋಡೀರಂತೆ. ಮ್ಯಾನೇಜರ್ಗೆ ಹೂಂ ಅಂತ ಹೇಳ್ಬುಡಿ.”

ಮರುಳಪ್ಪ ಮುಖ ತಿರುಗಿಸಿಕೊಂಡು ಟವಲಿನಿಂದ ಕಣ್ಣೊರೆಸಿಕೊಂಡರು.

ಇದಾಗಿ ನಾಲ್ಕೈದು ವರ್ಷವಾಯಿತು, ಅವರಿಬ್ಬರೂ ಈಗಲೂ ಅಲ್ಲೇ ಇದ್ದಾರೆ. ಬೇಲೂರು, ಹಳೇಬೀಡಿಗೆ ಬರುವವರು ದೇವಸ್ಥಾನ ನೋಡಿದ ಮೇಲೆ ಒಂದು ದಿನ ಉಳಿಸಿಕೊಂಡು ಆ ಬೆಟ್ಟ ಹತ್ತಿ. ಬಸಮ್ಮನವರನ್ನು ಕಾಣಿ, ಮಾತಾಡಿಸಿ. ಬೆಳಿಗ್ಗೆ ಅವರು ಬಾಗಿಲು ತಟ್ಟಿದಾಗ ಚಳಿ ಎಂದು ಕಂಬಳಿ ಎಳೆದುಕೊಳ್ಳಬೇಡಿ. ಎದ್ದು ಅವರ ಹಿಂದೆ ಹೋಗಿ.