ಹುಡ್ಡಿನ ಕೆಳಗೆ ನಿಂತವಳು

ಮೊನ್ನೆ ವೈಟ್‌ಫೀಲ್ಡಿನ ನಮ್ಮ ಆಫೀಸಿನಲ್ಲಿ ಟಾಯ್ಲೆಟ್ ತೊಳೆಯಲು ಆಸಿಡ್ ಸುರಿದಿದ್ದರು. ಗಾಜಿನ ಬಾಗಿಲು ದಾಟಿ ಆ ವಾಸನೆ ನನ್ನ ಮೇಜಿನವರೆಗೂ ಬಂತು. ಪಕ್ಕದ ಹುಡುಗಿ ಮೂಗಿಗೆ ದುಪಟ್ಟಾ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಒಂದು ವಾಸನೆಗೆ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ಹೇಳುತ್ತೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ.

ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ನಾನು ಪೀಣ್ಯದ ಒಂದು ಸಣ್ಣ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್. ಕಾರ್ಖಾನೆಗಳ ಹೊಗೆ ಹೀರಿ ಹೊರಗೆ ಹಾಕುವ ಹುಡ್, ಡಕ್ಟ್ ಕೊಳವೆ, ಬ್ಲೋವರ್ ಫ್ಯಾನುಗಳನ್ನು ಮಾಡುವುದು ಕಂಪನಿಯ ಕಸುಬು. ಹುಡ್ ಅಂದರೆ ನಿಮ್ಮ ಅಡುಗೆಮನೆಯ ಚಿಮಣಿಯಂಥದೇ, ಗಾತ್ರ ಮಾತ್ರ ದೊಡ್ಡದು. ಕಾರ್ಡಿನ ಮೇಲೆ ಎಂಜಿನಿಯರ್ ಎಂದು ಅಚ್ಚಾಗಿತ್ತೇ ಹೊರತು ನಾನು ಮಾಡುತ್ತಿದ್ದುದು ಹಳೇ ಡ್ರಾಯಿಂಗಿನಲ್ಲಿ ಅಳತೆ ತಿದ್ದಿ ಹೊಸ ಗಿರಾಕಿಯ ಹೆಸರು ಹಾಕುವ ಕೆಲಸ. ಅಷ್ಟಕ್ಕೇ ಎಷ್ಟು ಜಂಬ ಅಂತೀರಿ! ಲಗ್ಗೆರೆಯ ವಠಾರದಲ್ಲಿ ಆ ಕಾರ್ಡನ್ನು ಕೊರಳಿಂದ ತೆಗೆಯದೆ ನೀರು ಹಿಡಿಯುತ್ತಿದ್ದೆ.

ಪಕ್ಕದ ಮನೆಯಲ್ಲಿ ಸಿಂಧನೂರು ಕಡೆಯ ಶರಣಮ್ಮ ಇದ್ದರು. ಗಂಡ ಗಾರೆ ಕೆಲಸಕ್ಕೆ ಹೋದರೆ, ಆಕೆ ನಲ್ಲಿಗಳಿಗೆ ಕ್ರೋಮ್ ಹೊಳಪು ಕೊಡುವ ಒಂದು ಪ್ಲೇಟಿಂಗ್ ಶೆಡ್ಡಿಗೆ. ಕುದಿಯುವ ಹಾಗೆ ಗುಳ್ಳೆ ಏಳುವ ಆಸಿಡ್ ತೊಟ್ಟಿಯ ಮುಂದೆ ನಿಂತು ನಲ್ಲಿಗಳನ್ನು ಇಳಿಬಿಡುವುದು, ಎತ್ತುವುದು. ಸಂಜೆ ಬಂದರೆ ಸೀರೆಯಿಂದ ಅದೇ ವಾಸನೆ. ಮೂಗಿನಿಂದ ಆಗಾಗ ರಕ್ತ. ಕ್ರಮೇಣ ಉಸಿರಾಡಿದರೆ ಮೂಗಿನಲ್ಲಿ ಸಣ್ಣ ಸಿಳ್ಳೆ ಕೇಳತೊಡಗಿತು. ವಠಾರದ ಮಕ್ಕಳು ಅದನ್ನು ಅಣಕಿಸುತ್ತಿದ್ದವು, ಆಕೆಯೂ ನಗುತ್ತಿದ್ದರು. ನಾನೇ ಬಲವಂತ ಮಾಡಿ ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವರು ಟಾರ್ಚ್ ಬಿಟ್ಟು ನೋಡಿದರು. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆ, ಆಸಿಡ್ ಆವಿಯ ಕೆಲಸ, ಇನ್ನು ತಾನಾಗಿ ಮುಚ್ಚುವುದಿಲ್ಲ ಎಂದರು.

"ಹೊಗಿ ಎಳಿಯಾಕ ಮ್ಯಾಲ ದೊಡ್ಡ ಡಬ್ಬಿ ಹಾಕ್ಯಾರಲ್ರೀ" ಎಂದರು ಶರಣಮ್ಮ, ಡಾಕ್ಟರಿಗೆ ಸಮಾಧಾನ ಹೇಳುವವರ ಹಾಗೆ.

ಯಾವ ಶೆಡ್ಡು ಎಂದು ಕೇಳಿದೆ. ಹೆಸರು ಹೇಳಿದರು. ಆ ದೊಡ್ಡ ಡಬ್ಬಿ ನಮ್ಮ ಕಂಪನಿಯದೇ.

ಮಾರನೆಯ ದಿನ ನಮ್ಮ ಎಂ.ಡಿ. ಪ್ರಭಾಕರ್ ಸಾರ್ ಮುಂದೆ ನಿಂತೆ. ತೊಟ್ಟಿಯ ಮೇಲೆ ಹುಡ್ ಹಾಕಿದರೆ, ಮೇಲೇಳುವ ಆವಿ ಬಗ್ಗಿ ನಿಂತವರ ಮುಖದ ಮುಂದೆಯೇ ಹಾದು ಹೋಗುತ್ತೆ, ಪಕ್ಕದಿಂದ ಎಳೆಯಬೇಕು ಸಾರ್ ಎಂದೆ. ಅವರು ಟೀ ಹೀರಿದರು. "ನೋಡಮ್ಮ, ಹತ್ತಾರು ಕಡೆ ಇದೇ ಹುಡ್ ಹಾಕಿದೀವಿ. ಪ್ರೂಫ್ ಏನಿದೆ ನಿನ್ನತ್ರ?"

ಪ್ರೂಫ್! ಆ ಪದ ನನ್ನನ್ನು ಹಿಡಿದುಕೊಂಡುಬಿಟ್ಟಿತು. ಗಾಳಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಿ ತೋರಿಸುವ ಒಂದು ವಿದ್ಯೆಯಿದೆ. ಕಾಲೇಜಿನಲ್ಲಿ ಅದರ ಸಮೀಕರಣಗಳನ್ನು ಉರು ಹೊಡೆದು ಪರೀಕ್ಷೆ ಮುಗಿದ ಕೂಡಲೇ ಮರೆತಿದ್ದೆ. ಅದರ ಸಾಫ್ಟ್‌ವೇರ್ ನಮ್ಮಂಥ ಕಂಪನಿಯ ಕೈಗೆ ಎಟಕುವಂಥದ್ದಲ್ಲ. ಆದರೆ ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದಾದ, ಒಳಗಿನ ಕೋಡನ್ನೂ ಬಿಚ್ಚಿಟ್ಟಿರುವ ಓಪನ್ ಸೋರ್ಸ್ ಒಂದಿದೆ ಎಂದು ಗೊತ್ತಾಯಿತು. ಸೆಕೆಂಡ್ ಹ್ಯಾಂಡ್ ಕಂಪ್ಯೂಟರೊಂದನ್ನು ಮನೆಗೆ ತಂದು ಕೂತೆ.

ಅದನ್ನು ಕಲಿತ ಕಥೆ ಕೇಳಿದರೆ ನೀವು ನಗುತ್ತೀರಿ, ನಗಿ. ಅದರಲ್ಲಿ ಒತ್ತಲು ಒಂದು ಬಟನ್ ಇಲ್ಲ. ಎಲ್ಲವನ್ನೂ ಟೈಪ್ ಮಾಡಿಯೇ ಹೇಳಬೇಕು. ಒಂದು ಆವರಣ ಚಿಹ್ನೆ ಮರೆತರೆ ಪುಟಗಟ್ಟಲೆ ಬೈಗುಳ, ಅದೂ ಅರ್ಥವಾಗದ ಬೈಗುಳ. ಶೆಡ್ಡಿನೊಳಗಿನ ಜಾಗವನ್ನೆಲ್ಲ ಲೆಕ್ಕವಿಲ್ಲದಷ್ಟು ಪುಟ್ಟ ಡಬ್ಬಿಗಳಾಗಿ ಕತ್ತರಿಸಿ, ಪ್ರತಿ ಡಬ್ಬಿಗೂ ಗಾಳಿ ಎಷ್ಟು ಬಂತು, ಎಷ್ಟು ಹೋಯಿತು ಎಂದು ಅದು ಲೆಕ್ಕ ಹಾಕುತ್ತದೆ. ಆ ಡಬ್ಬಿಗಳ ಬಲೆಗೆ ಮೆಶ್ ಎಂದು ಹೆಸರು. ನನ್ನ ಮೊದಲ ಮೆಶ್ಶಿನಲ್ಲಿ ಪೀಣ್ಯದ ಒಂದು ಶೆಡ್ಡಿನ ಗಾಳಿ ವಿಮಾನವನ್ನೂ ಮೀರಿಸುವ ವೇಗದಲ್ಲಿ ಬೀಸಿ, ಲೆಕ್ಕವೆಲ್ಲ ಚಿಂದಿಯಾಗಿ ಕಂಪ್ಯೂಟರು ಕೈಯೆತ್ತಿತು. ಆಫೀಸಿನ ಗೆಳೆಯ ಸತೀಶ "ಬಿಡು ಗುರು, ಫ್ರೀ ಸಾಫ್ಟ್‌ವೇರ್ ನಂಬ್ಕೊಂಡು ಹುಚ್ಚಿ ಆಗ್ತೀಯ" ಎಂದ. ಮುಖ ನೋಡದ ಯಾವುದೋ ದೇಶದ ಜನ ಇಂಟರ್‌ನೆಟ್ ಫೋರಮ್ಮಿನಲ್ಲಿ ನನ್ನ ಪೆದ್ದು ಪ್ರಶ್ನೆಗಳಿಗೆ ಉತ್ತರ ಬರೆದರು. ದಿನವೂ ಎದುರಿಗೆ ಕೂರುವವರಿಗಿಂತ ಅವರೇ ಹತ್ತಿರದವರಾದರು.

ಹೊಸದಾಗಿ ಕಲಿಯುವವರು ಬರೀ ತೊಟ್ಟಿ, ಬರೀ ಹುಡ್ ಬರೆದು ನಿಲ್ಲಿಸುತ್ತಾರೆ. ನನಗೆ ಬೇಕಿದ್ದುದು ಅಲ್ಲಿ ನಿಂತವರ ಲೆಕ್ಕ. ಒಂದು ಭಾನುವಾರ ಮಧ್ಯಾಹ್ನ ಟೇಪು ಹಿಡಿದು ಶರಣಮ್ಮನವರ ಎತ್ತರ, ಭುಜದ ಅಗಲ, ಬಗ್ಗಿದಾಗ ಮೂಗು ಎಲ್ಲಿಗೆ ಬರುತ್ತದೆ ಎಂಬುದನ್ನು ಅಳೆದೆ.

"ಏನವ್ವಾ, ಜಂಪರ್ ಹೊಲಿಯಾಕ ಹತ್ತೀ ಏನು?"

"ಇಲ್ಲಕ್ಕ, ನಿಮ್ಮನ್ನ ಕಂಪ್ಯೂಟರೊಳಗೆ ಹಾಕ್ತೀನಿ."

"ಅಲ್ಲರ ಒಂದೀಟು ಕೂಡಿಸು ನನ್ನ. ನಿಂತು ನಿಂತು ಕಾಲು ಸತ್ತಾವು."

ಕೂರಿಸಲಾಗಲಿಲ್ಲ, ನಿಲ್ಲಿಸಿದೆ. ಹಲವು ವಾರಗಳ ನಂತರ ಲೆಕ್ಕ ಹಿಡಿತಕ್ಕೆ ಬಂತು. ಪರದೆಯ ಮೇಲೆ ತೊಟ್ಟಿಯಿಂದ ಕೆಂಪು ಎಳೆಗಳು ಎದ್ದು, ಬಗ್ಗಿ ನಿಂತ ಆಕೃತಿಯ ಮುಖವನ್ನು ಸುತ್ತಿ, ಆಮೇಲೆ ನಿಧಾನಕ್ಕೆ ಹುಡ್ಡಿನೊಳಗೆ ಹೋದವು. ಹುಡ್ಡನ್ನು ತೊಟ್ಟಿಯ ಅಂಚಿಗೆ ಸರಿಸಿ ಮತ್ತೆ ಓಡಿಸಿದೆ. ಎಳೆಗಳು ಮುಖ ಮುಟ್ಟದೆ ಪಕ್ಕಕ್ಕೆ ಬಾಗಿ ಹೋದವು. ಕುರ್ಚಿಯ ಮೇಲೇ ಅತ್ತುಬಿಟ್ಟೆ.

ಎರಡು ಚಿತ್ರಗಳನ್ನೂ ಪ್ರಭಾಕರ್ ಸಾರ್ ಮೇಜಿನ ಮೇಲಿಟ್ಟೆ. ಅವರು ಮೊದಲನೆಯದನ್ನೇ ಬಹಳ ಹೊತ್ತು ನೋಡಿದರು. "ಇದು ಫ್ರೀ ಸಾಫ್ಟ್‌ವೇರ್ ಅಲ್ವಾ? ಇದನ್ನ ಯಾರಮ್ಮ ನಂಬ್ತಾರೆ?" ಎಂದು ತಲೆಯಾಡಿಸಿದರು. ನಾನು ಬಾಗಿಲು ದಾಟುವಷ್ಟರಲ್ಲಿ ಕರೆದರು. "ಕಲರ್ ಮಾತ್ರ ಸಕ್ಕತ್ತಾಗಿದೆ. ಕ್ಯಾಟಲಾಗಿಗೆ ಹಾಕೋಣ. ಆ ಮನುಷ್ಯನ ಆಕಾರ ಇದೆಯಲ್ಲ, ಅದನ್ನ ತೆಗೆದುಬಿಡು. ಅಡ್ಡ ಬರ್ತಿದೆ."

"ತೆಗೆಯಲ್ಲ ಸಾರ್."

"ಯಾಕೆ?"

"ಅದು ನಮ್ಮ ಪಕ್ಕದ ಮನೆಯವರು."

ಅವರು ನಕ್ಕರು. ಸತೀಶನ ಕೈಲಿ ಆ ಭಾಗ ಕತ್ತರಿಸಿ ತೆಗೆಸಿದರು. ಕ್ಯಾಟಲಾಗಿನಲ್ಲಿ ಅರ್ಧ ಚಿತ್ರ ಬಂತು: ಕೆಂಪು ಎಳೆಗಳು ಹುಡ್ಡಿಗೆ ಸೇರುವ ಭಾಗ ಮಾತ್ರ, ಕೆಳಗೆ ಅತ್ಯಾಧುನಿಕ ಕಂಪ್ಯೂಟರ್ ವಿಶ್ಲೇಷಣೆ ಎಂದು. ತಪ್ಪು ತೋರಿಸಲು ನಂಬಿಕೆಗೆ ಬಾರದ ಸಾಫ್ಟ್‌ವೇರು ಮಾಲು ಮಾರಲು ನಂಬಿಕೆಗೆ ಬಂತು!

ಮರುವಾರ ತಂಗಿಯ ಲ್ಯಾಪ್‌ಟಾಪ್ ಇಸಿದುಕೊಂಡು, ಊಟದ ಹೊತ್ತಿಗೆ ಶರಣಮ್ಮನವರ ಶೆಡ್ಡಿಗೆ ಹೋದೆ. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿ ಕೂತಿದ್ದರು ಎಲ್ಲ. ಕತ್ತರಿಸದ ಚಿತ್ರವನ್ನು ಓಡಿಸಿ ತೋರಿಸಿದೆ. ಒಬ್ಬ ಹೆಂಗಸು ಕೈಯಲ್ಲಿದ್ದ ರೊಟ್ಟಿಯನ್ನು ಹಾಗೇ ಕೆಳಗಿಟ್ಟು ತನ್ನ ಮೂಗು ಮುಟ್ಟಿಕೊಂಡಳು. ಶರಣಮ್ಮ ಪರದೆಗೆ ಬೆರಳಿಟ್ಟು, "ಇಕಿ ನಾನ. ಅಳತಿ ನಂದ" ಎಂದರು.

ಊಟ ಮುಗಿದ ಬೆಲ್ಲು ಹೊಡೆದರೂ, ಹುಡ್ಡು ಸರಿಸುವವರೆಗೆ ಆಗದೆಂದು ಅವರು ಯಾರೂ ತೊಟ್ಟಿಯ ಬಳಿಗೆ ಹೋಗಲಿಲ್ಲ. ಮಾಲೀಕ ಕೂಗಾಡಿದ, ಬೇರೆ ಜನ ತರುತ್ತೇನೆಂದ. ಆದರೆ ಕಳಿಸಬೇಕಾದ ದೊಡ್ಡ ಆರ್ಡರು ತಲೆಯ ಮೇಲಿತ್ತು, ಹೊಸಬರಿಗೆ ಕೆಲಸ ಬಾರದು. ಕೊನೆಗೆ ನಮ್ಮ ಕಂಪನಿಗೆ ಫೋನು ಹೋಯಿತು. ಹುಡ್ಡು ಪಕ್ಕಕ್ಕೆ ಬಂತು. ನನಗೆ ನಾಳೆಯಿಂದ ಬರಬೇಡ ಎಂದರು. ನನ್ನ ಆ ವಿನ್ಯಾಸವನ್ನೇ ಕಾರ್ಮಿಕ ಸ್ನೇಹಿ ಎಂಬ ಹೆಸರಿನಲ್ಲಿ ಮುಂದೆ ಅವರು ಮಾರಿದ್ದೂ ನನ್ನ ಕಿವಿಗೆ ಬಿತ್ತು. ಗೆದ್ದೆಯಲ್ಲ ಎಂದು ನೀವು ಹೇಳಬಹುದು. ಶರಣಮ್ಮನವರ ಮೂಗಿನ ತೂತು ಮುಚ್ಚಲಿಲ್ಲ. ಅದಕ್ಕೆ ಪರಿಹಾರವಿರಲಿ, ಹೇಗಿದೆ ಎಂದೂ ಯಾರೂ ಕೇಳಲಿಲ್ಲ. ಕೆಲವು ಕಾಲ ದುಡಿದು ಅವರು ಊರಿಗೆ ಹೋದರು.

ಇಷ್ಟು ವರ್ಷ ಈ ಸಿಟ್ಟನ್ನು ನನ್ನದೊಂದು ಕಾಯಿಲೆ ಎಂದೇ ಭಾವಿಸಿದ್ದೆ. ಮನೆಯವರು ಬಿ.ಪಿ. ನೋಡಿಸಿಕೋ ಎನ್ನುತ್ತಾರೆ, ಗೆಳತಿಯರು ಧ್ಯಾನ ಮಾಡು ಎನ್ನುತ್ತಾರೆ. ಮೊನ್ನೆ ಆ ವಾಸನೆ ಬಂದಾಗ ಮೇಜಿನಿಂದ ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತು ಶರಣಮ್ಮನವರಿಗೆ ಫೋನ್ ಮಾಡಿದೆ. ಮಳೆ, ಮೊಮ್ಮಗ, ಮೆಣಸಿನಕಾಯಿ ಎಲ್ಲ ಮಾತಾಡಿದೆವು. ಕೊನೆಗೆ ತಡೆಯಲಾಗದೆ ಕೇಳಿದೆ, "ಅಕ್ಕ, ಆ ಜನದ ಮೇಲೆ ನಿಮಗೆ ಸಿಟ್ಟೇ ಬರಲ್ವಾ?"

"ಹೊತ್ತೆಲ್ಲಿ ಐತಿ ತಂಗಿ ನನಗ?" ಎಂದರು. "ನಸುಕಿನ್ಯಾಗ ಎದ್ದು ಹೊಲಕ್ಕ ಹೋಗಾಕಿ. ನೀ ಕುಂತು ಕೆಲಸ ಮಾಡಾಕಿ, ನಿನಗ ಹೊತ್ತೈತಿ. ನನ್ನ ಪಾಲಿನ ಸಿಟ್ಟೂ ನೀನ ಮಾಡು. ಬಿಡಬ್ಯಾಡ."

"ಆಯ್ತಕ್ಕ" ಎಂದೆ.