ಅರ್ಧ ತಾಸಿನ ರ‍್ಯಾಕು

ಬನಹಟ್ಟಿಯಲ್ಲಿ ಗಿರಿಮಲ್ಲಪ್ಪನ ಮನೆ ಯಾವುದೆಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಜಾಬರ್ ಗಿರಿಮಲ್ಲಪ್ಪ ಎಂದರೆ ಮಾತ್ರ ಎದ್ದು ಬಂದು ಓಣಿಯ ತುದಿವರೆಗೆ ತೋರಿಸಿಕೊಡುತ್ತಾರೆ. ಕೆಟ್ಟ ಪವರ್‌ಲೂಮ್ ಸರಿ ಮಾಡುವವನಿಗೆ ಇಲ್ಲಿ ಜಾಬರ್ ಅನ್ನುತ್ತಾರೆ. ನಲವತ್ತು ವರ್ಷದಿಂದ ನಟ್ಟು ತಿರುಗಿಸುವ ಪಾನಾ ಹಿಡಿದ ಕೈ ಅವನದು. ಒಮ್ಮೆ ರಸ್ತೆಯಲ್ಲಿ ನಿಂತು ಮಗ್ಗದ ಸಪ್ಪಳ ಕೇಳಿಯೇ, "ಒಳಗ ಎರಡನೇ ಮಗ್ಗದ ಎಡಗಡಿ ನಟ್ಟ ಸಡ್ಲ ಆಗೈತಿ, ನೋಡ್ರಿ" ಎಂದು ಕೂಗಿ ಹೇಳಿದ್ದನಂತೆ. ನೋಡಿದರೆ ಖರೆ. ಈ ಕತೆಯನ್ನು ಊರವರಿಗಿಂತ ಅವನೇ ಹೆಚ್ಚು ಸಲ ಹೇಳಿದ್ದಾನೆ, ಅದು ಬೇರೆ ಮಾತು.

ಇಂಥ ಮನುಷ್ಯನಿಗೆ ಹೊಟ್ಟೆಕಿಚ್ಚು ಪಡಲು ಸಿಕ್ಕವನು ಯಾರೆಂದರೆ ಒಬ್ಬ ಗುಮಾಸ್ತ! ಅವನ ಷಡ್ಡಕ ಶಿವಪುತ್ರ, ಅಂದರೆ ಹೆಂಡತಿ ಕೆಂಪವ್ವನ ತಂಗಿ ಲಕ್ಷ್ಮವ್ವನ ಗಂಡ. ಜಮಖಂಡಿಯ ಕೋರ್ಟಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾಗದಕ್ಕೆ ನಂಬರು ಹಾಕುತ್ತ ಕೂತ ಸಾಧು ಪ್ರಾಣಿ. ಎರಡು ವರ್ಷದ ಹಿಂದೆ ಅವನ ಮಗಳು ಕಾಂಚನಾ ಸೀರೆ ಅಂಗಡಿ ತೆಗೆದಳು. ಮೊಬೈಲಿನಲ್ಲಿ ಒಂದು ರ‍್ಯಾಕು ತರಿಸಿದಳು. ಡಬ್ಬಿಯಲ್ಲಿ ಬಿಡಿ ಹಲಗೆ ಬರುತ್ತವೆ, ಮನೆಯವರೇ ಜೋಡಿಸಿಕೊಳ್ಳಬೇಕು. ಶಿವಪುತ್ರ ಕೋರ್ಟಿನಿಂದ ಬಂದವನು, ಅಂಗಿಯನ್ನೂ ಬಿಚ್ಚದೆ ಅರ್ಧ ತಾಸಿನಲ್ಲಿ ಅದನ್ನು ಜೋಡಿಸಿ ನಿಲ್ಲಿಸಿಬಿಟ್ಟ.

ಲಕ್ಷ್ಮವ್ವ ಅಕ್ಕನಿಗೆ ಫೋನು ಮಾಡಿ ಹೇಳಿದಳು. ಅಕ್ಕ ಗಂಡನಿಗೆ ಹೇಳಿದಳು. ಹೇಳಿ ಸುಮ್ಮನಾದಳೇ? ಮನೆಯ ಕಿಟಕಿಯ ಕೊಂಡಿ ಸಡಿಲಾದರೂ, ನಲ್ಲಿ ಸೋರಿದರೂ, "ನಮ್ಮ ಶಿವಪುತ್ರ ಇದ್ದಿದ್ರ ಅರ್ಧ ತಾಸಿನ್ಯಾಗ ಮಾಡಿ ಒಗೀತಿದ್ದ" ಎಂಬ ಮಾತು. ಗಿರಿಮಲ್ಲಪ್ಪ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದ. ಊರಿನ ಮಗ್ಗಗಳನ್ನೆಲ್ಲ ತಾನು ನಡೆಸುತ್ತಿದ್ದೇನೆ, ಹೊಗಳಿಕೆ ಮಾತ್ರ ಜನ್ಮದಲ್ಲಿ ಒಂದು ಮೊಳೆ ಹೊಡೆಯದವನಿಗೆ! ಎರಡು ವರ್ಷ ಅವನು ಶಿವಪುತ್ರನ ಮನೆಗೆ ಕಾಲಿಡಲಿಲ್ಲ. ಕೇಳಿದರೆ ಮೊಣಕಾಲು ನೋವು ಅಂದ.

ಈಗ ತನ್ನ ಮಗಳು ಶ್ರೀದೇವಿಯ ಸರದಿ ಬಂತು. ಪಡಸಾಲೆಯಲ್ಲೇ ಸೀರೆ ಅಂಗಡಿ. ಶುಕ್ರವಾರ ಪೂಜೆ ಮಾಡಿ ಬಾಗಿಲು ತೆಗೆಯುವುದೆಂದು ಓಣಿಗೆಲ್ಲ ಹೇಳಿ ಆಗಿತ್ತು. ಅವಳೂ ಅದೇ ಕಂಪನಿಯ, ಅದೇ ಚಿತ್ರದ ರ‍್ಯಾಕು ತರಿಸಿದಳು. ಮಂಗಳವಾರ ಡಬ್ಬಿ ಬಂದಿಳಿದಾಗ ಗಿರಿಮಲ್ಲಪ್ಪನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಿಮ್ಮ ಕಾಕಾಗ ಅರ್ಧ ತಾಸು ಹಿಡದಿದ್ರ ನನಗ ಕಾಲು ತಾಸು ಸಾಕು" ಎಂದ. "ಗಡಿಯಾರ ನೋಡ್ಕೋತ ನಿಂದ್ರು. ಆಮ್ಯಾಲ ನಿಮ್ಮವ್ವನ ಕಡಿಂದ ಜಮಖಂಡಿಗೆ ಫೋನ್ ಹಚ್ಚಸು."

ಡಬ್ಬಿಯ ಮೇಲಿನ ಅಕ್ಷರ ಓದಿ ಶ್ರೀದೇವಿ ಹೇಳಿದಳು: "ಅಪ್ಪಾ, ಇದು ಹೊಸಾ ನಮೂನಿ ಅಂತ. ಮೊದಲಿನಕಿಂತ ಇನ್ನೂ ಸಲೀಸಂತ."

ಬಿಚ್ಚಿದರೆ ಒಂದೇ ಒಂದು ನಟ್ಟಿಲ್ಲ, ಬೋಲ್ಟಿಲ್ಲ. ಬೆರಳಿನ ತುದಿಯಷ್ಟು ಕಟ್ಟಿಗೆಯ ಗೂಟ ಒಂದು ಚೀಲ. ನಾಣ್ಯದಂಥ ಬಿಳಿ ಬಿಲ್ಲೆ ಒಂದು ಚೀಲ. ಅವನ್ನು ಹಲಗೆಯ ಹೊಟ್ಟೆಯಲ್ಲಿ ಕೂಡಿಸಿ ಅರ್ಧ ಸುತ್ತು ತಿರುಗಿಸಬೇಕಂತೆ, ಒಳಗಿನ ಮೊಳೆಯನ್ನು ಅವು ಹಿಡಿದುಕೊಳ್ಳುತ್ತವಂತೆ. ಹಿಡಿದವೋ ಬಿಟ್ಟವೋ ಕಣ್ಣಿಗೆ ಕಾಣುವುದಿಲ್ಲ, ಕಿವಿಗೂ ಕೇಳುವುದಿಲ್ಲ. ಜೊತೆಗೊಂದು ಪುಸ್ತಕ. ಅದರಲ್ಲಿ ಒಂದು ಅಕ್ಷರವೂ ಇಲ್ಲ, ಬರೀ ಚಿತ್ರ. ಪ್ರತಿ ಪುಟದಲ್ಲೂ ಒಬ್ಬ ಬೋಳುತಲೆಯ ಮನುಷ್ಯ ನಗುತ್ತ ಹಲಗೆ ಹಿಡಿದು ನಿಂತಿದ್ದಾನೆ. ಗಿರಿಮಲ್ಲಪ್ಪನಿಗೆ ಅವನು ಥೇಟ್ ಶಿವಪುತ್ರನ ಹಾಗೆಯೇ ಕಂಡ. ಪುಸ್ತಕ ಮುಚ್ಚಿ ಕಿಟಕಿಯಲ್ಲಿಟ್ಟ.

ಅಲ್ಲಿಗೇ ಎಡವಟ್ಟಾಯಿತು. ಮಗ್ಗದ ಮೇಲೆ ಸೀರೆ ಬೋರಲಾಗಿ ಹುಟ್ಟುತ್ತದೆ. ಬುಟ್ಟಾದ ಚೆಂದವೆಲ್ಲ ಕೆಳಗೆ, ದಾರದ ತುದಿಗಳು ಮೇಲೆ. ನಲವತ್ತು ವರ್ಷ ಬಟ್ಟೆಯ ಬೆನ್ನು ನೋಡುತ್ತ ಕೆಲಸ ಮಾಡಿದವನು, ಹಲಗೆಗಳನ್ನೂ ಹಾಗೆಯೇ ನುಣುಪು ಮುಖ ಕೆಳಗೆ ಮಾಡಿ ಹಾಸಿಕೊಂಡ. ಹಳೇ ರ‍್ಯಾಕಾಗಿದ್ದರೆ ನಡೆದುಹೋಗುತ್ತಿತ್ತು. ಅದಕ್ಕೆ ಹಿಂದು ಮುಂದು ಇರಲಿಲ್ಲ, ಯಾವ ಕಡೆಯಿಂದ ಬೋಲ್ಟು ತೂರಿಸಿದರೂ ರ‍್ಯಾಕೇ. ಹೊಸದಕ್ಕೆ ಎಡ ಬೇರೆ, ಬಲ ಬೇರೆ, ಮುಖ ಬೇರೆ, ಬೆನ್ನು ಬೇರೆ. ಕಾಲು ತಾಸು ಹೋಗಿ ಮೂರು ತಾಸಾದ ಮೇಲೆ ಬೆವರು ಒರೆಸಿಕೊಂಡು ಎತ್ತಿ ನಿಲ್ಲಿಸಿದ. ಒರಟು ಅಂಚುಗಳೆಲ್ಲ ಹೊರಗೆ ಹಲ್ಲು ಕಿರಿದಿದ್ದವು. ಹೊಳೆಯುವ ಮುಖ ಗೋಡೆಯ ಕಡೆ ತಿರುಗಿತ್ತು.

"ಅಪ್ಪಾ, ಇದು ಉಲ್ಟಾ ಆಗೈತಲ್ಲೋ" ಎಂದಳು ಶ್ರೀದೇವಿ.

"ನಾ ಉಲ್ಟಾ ಮಾಡಿಲ್ಲ, ಕಂಪನಿಯವರ ಉಲ್ಟಾ ಅದಾರ. ಛಲೋ ಇದ್ದದ್ದನ್ನ ಇನ್ನೂ ಛಲೋ ಮಾಡ್ತೇವಂತ ಯಾರು ಹೇಳಿದ್ರು ಅವರಿಗೆ?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೆಂಪವ್ವ ಒಳಗಿನಿಂದಲೇ ಗೊಣಗಿದಳು. ಅವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು, ಆದರೆ ಗಂಡನ ಅರ್ಧ ಸತ್ಯಕ್ಕೆ ಬೆಲೆ ಕೊಡುವ ಹೆಂಡತಿ ಆಕೆಯಲ್ಲ. ಬಿಚ್ಚಿ ಮತ್ತೆ ಜೋಡಿಸಿದ. ಬಿಲ್ಲೆಗಳು ಜಾರಿದವು. ಬುಧವಾರವೂ ಹಾಗೆಯೇ ಕಳೆಯಿತು. ಸಂಜೆ ಶ್ರೀದೇವಿ ಅಪ್ಪನನ್ನು ಕೇಳದೆ ಜಮಖಂಡಿಗೆ ಫೋನು ಮಾಡಿದಳು.

ಗುರುವಾರ ಮಧ್ಯಾಹ್ನ ಶಿವಪುತ್ರ ಅರ್ಧ ದಿನದ ರಜೆ ಹಾಕಿ ಬಸ್ಸಿಗೆ ಬಂದ. "ಅಣ್ಣಾರ, ಮೊಣಕಾಲು ಹೆಂಗದಾವ್ರಿ ಈಗ?" ಎಂದು ಕೇಳಿದ. ಪಾಪ, ನಿಜವಾಗಿಯೂ ಕೇಳಿದ್ದ. ಆಮೇಲೆ ನೆಲದ ಮೇಲೆ ಪೇಪರು ಹಾಸಿ, ಕನ್ನಡಕ ಏರಿಸಿ, ಚೀಲಗಳನ್ನೆಲ್ಲ ಸುರುವಿ ಒಂದೊಂದನ್ನೂ ಎಣಿಸಿದ. ಚೀಟಿ ಹರಿದು ಒಂದರಿಂದ ಒಂಬತ್ತರವರೆಗೆ ನಂಬರು ಬರೆದು, ಪ್ರತಿ ಗುಂಪಿನ ಮೇಲೆ ಒಂದು ಚೀಟಿ ಇಟ್ಟ. ಇದು ಕೋರ್ಟಲ್ಲಪ್ಪಾ ಎಂದು ಗಿರಿಮಲ್ಲಪ್ಪನಿಗೆ ನಗು ಬಂತು. ಇವನಿಂದ ಆಗುವುದಿಲ್ಲ, ಹಳೇದಾಗಿದ್ದರೆ ಮಾತು ಬೇರೆ, ಇದು ಹೊಸದು, ಖಂಡಿತ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಜಪ ಮಾಡುತ್ತ ಕಟ್ಟೆಯ ಮೇಲೆ ಕೂತ.

ಶಿವಪುತ್ರ ಅವಸರ ಮಾಡಲಿಲ್ಲ. ಒಂದು ಚಿತ್ರ ನೋಡುವುದು, ಒಂದು ಹಲಗೆ ಎತ್ತುವುದು, ಮತ್ತೆ ಚಿತ್ರ ನೋಡುವುದು. ಎರಡು ಸಲ ತಪ್ಪಿದ, ಎರಡೂ ಸಲ "ನನ್ನ ತಪ್ಪು" ಎಂದು ತಾನೇ ಹೇಳಿ ಬಿಚ್ಚಿದ. ಐದು ಗಂಟೆಯ ಹೊತ್ತಿಗೆ ರ‍್ಯಾಕಿನ ಕೆಳಗಿನ ಅರ್ಧ ಕಲ್ಲಿನಂತೆ ನಿಂತಿತ್ತು. ಮೇಲಿನ ಅರ್ಧವೂ ಸಿದ್ಧವಾಗಿ ಗೋಡೆಗೆ ಒರಗಿತ್ತು. ಎರಡನ್ನೂ ಬಿಗಿದು ಹಿಡಿಯುವ ಎರಡು ಉಕ್ಕಿನ ಕೊಂಡಿಗಳು ಒಂಬತ್ತನೇ ಚೀಟಿಯ ಕೆಳಗಿದ್ದವು. ಅಷ್ಟು ಹಾಕಿದರೆ ಮುಗಿಯಿತು.

"ನೋಡಪಾ" ಎಂದಳು ಶ್ರೀದೇವಿ, ಬಹಳ ಖುಷಿಯಲ್ಲಿ. "ಹಿಂಗ ಚಿತ್ರಾ ನೋಡಿಕೋತ ಮಾಡಬೇಕಾಗಿತ್ತು ನೀ."

ಹೆಂಡತಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದ. ಮಗಳು ಹೇಳಿದಳು. ಚಿಕ್ಕವಳಿದ್ದಾಗ ಅಪ್ಪನ ಪಾನಾಗಳನ್ನು ಸಾಲಾಗಿ ಜೋಡಿಸಿ, ನಮ್ಮಪ್ಪ ಏನು ಬೇಕಾದರೂ ರಿಪೇರಿ ಮಾಡುತ್ತಾನೆ ಎಂದು ಸಾಲೆಯಲ್ಲಿ ಜಗಳ ಆಡಿ ಬಂದ ಮಗಳು. ಅವಳ ಕಣ್ಣು ಈಗ ಶಿವಪುತ್ರನ ಕೈಯ ಮೇಲಿತ್ತು.

ಕೆಂಪವ್ವ ಚಹಾಕ್ಕೆ ಕರೆದಳು. ಶಿವಪುತ್ರ ಕೈ ತೊಳೆಯಲು ಹಿತ್ತಲಿಗೆ ಹೋದ, ಶ್ರೀದೇವಿ ಕಪ್ಪು ತರಲು ಒಳಗೆ ಹೋದಳು. ಗಿರಿಮಲ್ಲಪ್ಪ ಬಗ್ಗಿ ಒಂದು ಕೊಂಡಿ ಎತ್ತಿ ಜೇಬಿಗೆ ಹಾಕಿಕೊಂಡ. ಕೈ ತಾನೇ ಹೋಯಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಸುಳ್ಳು. ಯೋಚನೆ ಮಾಡಿಯೇ ತೆಗೆದುಕೊಂಡಿದ್ದ.

ಚಹಾ ಕುಡಿದು ಬಂದ ಶಿವಪುತ್ರ ಹುಡುಕಿದ. ಪೇಪರು ಝಾಡಿಸಿದ, ಚಾಪೆ ಎತ್ತಿದ, ತನ್ನ ಪ್ಯಾಂಟಿನ ಮಡಿಕೆಯನ್ನೂ ಬಿಚ್ಚಿ ನೋಡಿದ. "ಎರಡ ಎಣಿಸಿದ್ನಲ್ಲಾ ನಾನು" ಎಂದು ಮತ್ತೆ ಮತ್ತೆ ಅಂದ. ಒಂದೇ ಕೊಂಡಿಯಿಂದ ಮೇಲಿನ ಅರ್ಧ ಓಲಾಡುತ್ತಿತ್ತು, ಸೀರೆ ಇಡುವ ಹಾಗಿರಲಿಲ್ಲ.

"ಅಪ್ಪಾ, ನೀ ಜಾಬರ್ ಅದಿ. ಇಂಥಾದ್ದೊಂದು ಮಾಡಾಕ ಬರೂದಿಲ್ಲೇನು?"

"ಅಳತಿ ಇಲ್ಲದ ಹೆಂಗ ಮಾಡ್ಲಿ?" ಎಂದ. ಅದರ ಜೋಡಿ ಕೊಂಡಿ ಎದುರಿಗೇ ಬಿದ್ದಿತ್ತು, ಅಳತೆಯೆಲ್ಲ ಅದರಲ್ಲೇ ಇತ್ತು. ಅದು ಮಗಳ ಕಣ್ಣಿಗೆ ಬೀಳುವ ಮೊದಲೇ, "ಇದು ಬ್ಯಾರೇ ಉಕ್ಕು, ನಮ್ಮ ಕಡೆ ಸಿಗೂದಿಲ್ಲ. ಕಂಪನಿಗೆ ಫೋನ್ ಮಾಡು" ಎಂದುಬಿಟ್ಟ.

"ನನ್ನಿಂದ ಆಗಲಿಲ್ಲವ್ವಾ" ಎಂದು ಶಿವಪುತ್ರ ಚಪ್ಪಲಿ ಮೆಟ್ಟಿ ಹೊರಟ. ಗಿರಿಮಲ್ಲಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ. ಬೆಳಿಗ್ಗೆ ಮೂಲೆಯಲ್ಲಿ ಸಿಕ್ಕಿತು ಎಂದು ಹೇಳಿ ತಾನೇ ಕೊಂಡಿ ಬಿಗಿದರೆ ಆಯಿತು. ರ‍್ಯಾಕು ನಿಲ್ಲಿಸಿದವನು ಕೊನೆಗೂ ಜಾಬರನೇ ಆಗುತ್ತಾನೆ. ಲೆಕ್ಕ ಚೆನ್ನಾಗಿಯೇ ಇತ್ತು. ಮಗಳು ಮಾತ್ರ ಉಣ್ಣಲಿಲ್ಲ. ಸೀರೆಗಳನ್ನು ಮಂಚದ ಮೇಲೆ ಒಟ್ಟಿ, ತೆಗೆದು, ಮತ್ತೆ ಒಟ್ಟುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಅವನು ಇನ್ನೂ ಹಲ್ಲು ತಿಕ್ಕುತ್ತಿದ್ದಾಗ ಬಾಗಿಲಲ್ಲಿ ಮೂರು ಗಾಲಿಯ ಟಂಟಂ ನಿಂತಿತು. ಹಿಂದೆ ಹಲಗೆಗಳ ರಾಶಿ, ಅದನ್ನು ಎರಡೂ ಕೈಯಿಂದ ಅವುಚಿಕೊಂಡು ಕೂತ ಶಿವಪುತ್ರ.

"ಅಣ್ಣಾರ, ಇದು ಕಾಂಚನಾನ ಹಳೇ ರ‍್ಯಾಕ್. ಬಿಚ್ಚಿಕೊಂಡು ಬಂದೇನಿ. ನಟ್ಟು-ಬೋಲ್ಟಿಂದು, ನಿಮ್ಮ ಕೈಗೆ ಹತ್ತೂವಂಥಾದ್ದು. ಹುಡುಗಿ ಅಂಗಡಿ ಕಾಟಿನ ಮ್ಯಾಲ ತೆಗೀಬಾರದು ನೋಡ್ರಿ. ಲಗೂನ ಹಚ್ಚಿಬಿಡ್ರಿ."

ಗಿರಿಮಲ್ಲಪ್ಪ ಪಾನಾ ತಂದ. ಕೈಗೆ ಬೋಲ್ಟು ಸಿಕ್ಕಿದ್ದೇ ತಡ, ಬೆರಳುಗಳು ತಾವೇ ಓಡಿದವು. ಹನ್ನೆರಡು ನಿಮಿಷದಲ್ಲಿ ರ‍್ಯಾಕು ನಿಂತಿತು. ಓಣಿಯ ಹೆಂಗಸರು ಇಣುಕಿ ನೋಡಿದರು. "ಕೈ ಅಂದ್ರ ಇದು ನೋಡವ್ವಾ!" ಎಂದು ಶಿವಪುತ್ರನೇ ಚಪ್ಪಾಳೆ ತಟ್ಟಿದ. ಕೆಂಪವ್ವ ಸ್ವತಃ ತಂಗಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ, "ಹನ್ನೆರಡ ನಿಮಿಷಾ ನೋಡಬೇ ಲಕ್ಷ್ಮವ್ವಾ, ಹನ್ನೆರಡು!" ಎಂದಳು. ಎರಡು ವರ್ಷ ಕಾದ ಮಾತು ಅದು.

"ಛಲೋ ಆತಕ್ಕಾ" ಎಂದಳು ಲಕ್ಷ್ಮವ್ವ ಫೋನಿನಲ್ಲಿ. "ಇಲ್ಲಿ ಕಾಂಚನಾ ಇವತ್ತ ಅಂಗಡಿ ಬಾಗಿಲಾ ತೆಗದಿಲ್ಲ. ಸೀರಿ ಎಲ್ಲಾ ನೆಲದ ಮ್ಯಾಲ ಬಿದ್ದಾವ. ಇರ್ಲಿ ಬಿಡು, ಶ್ರೀದೇವಿದು ಮೊದಲ ದಿನ ಅಲ್ಲಾ."

ಗಿರಿಮಲ್ಲಪ್ಪನ ಮೈಯೆಲ್ಲ ನಾಚಿಕೆಯಿಂದ ಉರಿಯಿತು. ಹೆಂಡತಿ ಇನ್ನೂ ಏನೋ ಹೊಗಳುತ್ತಿದ್ದಳು, ಅವನು ಅವಳ ಕೈಯಿಂದ ಫೋನು ಕಸಿದು ಬಂದ್ ಮಾಡಿದ. ಜೇಬಿನಿಂದ ಕೊಂಡಿ ತೆಗೆದು ಎಲ್ಲರ ಮುಂದೆ ಪೇಪರಿನ ಮೇಲಿಟ್ಟ.

"ಶಿವಪುತ್ರಪ್ಪಾ, ಇದನ್ನ ನಿನ್ನೆ ನಾನ ತಗೊಂಡಿದ್ದೆ. ನಿಮ್ಮ ಕೈಲೆ ಆಗಬಾರದು ಅಂತ ತಗೊಂಡಿದ್ದೆ. ಹೊಟ್ಟಿಕಿಚ್ಚು, ಬ್ಯಾರೇ ಏನೂ ಇಲ್ರಿ."

ಕೆಂಪವ್ವ ಬಾಯಿಗೆ ಸೆರಗು ಹಿಡಿದಳು. ಶ್ರೀದೇವಿ ಅಪ್ಪನನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು. ಬೈದಿದ್ದರೆ ಚೆನ್ನಾಗಿತ್ತು. ಶಿವಪುತ್ರ ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಬಹಳ ಹೊತ್ತು ಒರೆಸಿದ.

"ಹಂಗಾದ್ರ ನಾ ಎಣಿಸಿದ್ದು ತಪ್ಪಿರಲಿಲ್ಲೇನ್ರಿ ಅಣ್ಣಾರ?" ಎಂದು ಕೇಳಿದ. "ಇಷ್ಟು ವರ್ಷದ ನೌಕರಿಯೊಳಗ ಎಂದೂ ತಪ್ಪಿದ್ದಿಲ್ಲ. ನಿನ್ನೆ ಬಸ್ಸಿನ್ಯಾಗ ಹೋಗೂಮುಂದ, ಇನ್ನ ಕಣ್ಣು ಹ್ವಾದವು, ತಲಿನೂ ಹೋತು, ನೌಕರಿ ಬಿಡಬೇಕು ಅಂತ ಲಕ್ಷ್ಮವ್ವಗ ಹೇಳಾಕ ಹೊಂಟಿದ್ದೆ."

"ತಪ್ಪಿರಲಿಲ್ಲ. ಎರಡ ಇದ್ದೂವು."

ಶಿವಪುತ್ರ ತಲೆಯಾಡಿಸಿದ. ಗಿರಿಮಲ್ಲಪ್ಪ ಹೊಸ ರ‍್ಯಾಕಿನ ಮೇಲಿನ ಅರ್ಧವನ್ನು ತಾನೇ ಹೆಗಲಿಗೆ ಏರಿಸಿ, "ಎಲ್ಲಿ ಹಿಡೀಲಿ ಹೇಳ್ರಿ. ನೀವು ಹೇಳಿದಂಗ ಹಿಡಿತೇನಿ" ಎಂದ. ನಲವತ್ತು ವರ್ಷದಲ್ಲಿ ಅವನು ಯಾರ ಕೈಕೆಳಗೂ ಹೀಗೆ ನಿಂತವನಲ್ಲ. ಶಿವಪುತ್ರ ಪುಸ್ತಕ ತೆರೆದು ಹೇಳಿದ, ಇವನು ಹಿಡಿದ. ಕೊಂಡಿ ಎರಡೂ ಬಿದ್ದವು, ರ‍್ಯಾಕು ಅಲುಗಾಡದೆ ನಿಂತಿತು. ಆಮೇಲೆ ಹಳೆಯದನ್ನು ಬಿಚ್ಚಿ ಟಂಟಂಗೆ ಏರಿಸಿದರು. ಪೂಜೆ ಮುಗಿಯುವವರೆಗಾದರೂ ಇರಿ ಎಂದು ಕೆಂಪವ್ವ ಅಂದಳು. ಗಿರಿಮಲ್ಲಪ್ಪ ನಿಲ್ಲದೆ ತಾನೂ ಟಂಟಂ ಹತ್ತಿದ. ಕಾಂಚನಾಳ ಅಂಗಡಿ ಮಧ್ಯಾಹ್ನದೊಳಗೆ ತೆರೆಯಬೇಕಿತ್ತು.

ಟಂಟಂ ಹೊರಡುವಾಗ ಶ್ರೀದೇವಿ ಹತ್ತಿರ ಬಂದಳು. ಬೆಳಿಗ್ಗೆಯಿಂದ ಆಡಿದ ಮೊದಲ ಮಾತು ಅದು: "ಅಪ್ಪಾ, ಕಾಂಚನಾಗ ನೀನ ಹೇಳಬೇಕು. ಕಾಕಾನ ಕಡಿಂದ ಹೇಳಸಬ್ಯಾಡ."

ದಾರಿಯುದ್ದಕ್ಕೂ ಇಬ್ಬರೂ ಹಲಗೆ ಹಿಡಿದುಕೊಂಡು ಎದುರಾಬದುರಾ ಕೂತಿದ್ದರು. ಜಮಖಂಡಿಯ ಅಂಗಡಿಯ ಮುಂದೆ ಇಬ್ಬರು ಹೆಂಗಸರು ಮುಚ್ಚಿದ ಬಾಗಿಲು ನೋಡಿ ಹೊರಳಿ ಹೋಗುತ್ತಿದ್ದರು. ಟಂಟಂ ಸಪ್ಪಳಕ್ಕೆ ಕಾಂಚನಾ ಶಟರು ಎತ್ತಿ ಹೊರಗೆ ಬಂದಳು.

"ದೊಡ್ಡಪ್ಪಾ! ಎರಡು ವರ್ಷಕ್ಕ ಬಂದ್ರಿ ನೋಡ್ರಿ. ಅಲ್ರೀ, ರ‍್ಯಾಕ್ ಇಷ್ಟ ಲಗೂ ಹೊಳ್ಳಿ ಯಾಕ ತಂದ್ರಿ? ಏನಾತು?"

ಶಿವಪುತ್ರ ಬೆನ್ನು ತಿರುಗಿಸಿ ಹಲಗೆ ಇಳಿಸತೊಡಗಿದ. ಒಮ್ಮೆ ಹೇಳಿದ್ದನ್ನು ಎರಡನೇ ಸಲ ಹೇಳುವುದು ಇಷ್ಟು ಕಷ್ಟವೆಂದು ಗಿರಿಮಲ್ಲಪ್ಪನಿಗೆ ಗೊತ್ತಿರಲಿಲ್ಲ.

"ಹೇಳತೇನವ್ವಾ, ಎಲ್ಲಾ ಹೇಳತೇನಿ" ಎಂದ. "ಮೊದಲ ಇದೊಂದು ತಿಳ್ಕೋ. ನಿಮ್ಮಪ್ಪನ ಎಣಿಕಿ ತಪ್ಪಿರಲಿಲ್ಲ."