ಕಲ್ಲು ಎಲ್ಲಿ ನಿಲ್ಲುತ್ತದೆಂದು ಮಂಜುಳಾ ಹೇಳಿದ್ದಳು

ಕಳೆದ ಶುಕ್ರವಾರ ನಾನು ಸಿಕ್ ಲೀವ್ ಹಾಕಿ ಹತ್ತೂವರೆ ಗಂಟೆ ಕಾರು ಓಡಿಸಿದೆ. (ನಮ್ಮ ಮ್ಯಾನೇಜರ್‌ಗೆ ಕನ್ನಡ ಬರುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.)

ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದವಳು ಮಂಜುಳಾ. ಸಿಡ್ನಿಯ ಎಪ್ಪಿಂಗ್‌ನಲ್ಲಿ ನಮ್ಮ ಮೇಲಿನ ಫ್ಲಾಟಿನವಳು, ಊರು ಗದಗ. ಮುಖ ಬಿಳಿಚಿಕೊಂಡಿತ್ತು.

"ಅಣ್ಣಾರ, ಮಂಜು ಬಿದ್ದದ್ದಕ್ಕ ಫ್ಲೈಟ್ ಕ್ಯಾನ್ಸಲ್ ಆಗೇತ್ರಿ, ಮುಂದಿನ್ವು ಎಲ್ಲಾ ಫುಲ್ ಅದಾವ. ಸಂಜಿ ಐದಕ್ಕ ಮೆಲ್ಬರ್ನಿನ ಕಾನ್ಫರೆನ್ಸಿನ್ಯಾಗ ನನ್ನ ಟಾಕ್ ಐತಿ."

ಗಂಡ ಶಿವಾನಂದ ಆಫೀಸ್ ಕೆಲಸಕ್ಕೆಂದು ಪರ್ತ್‌ಗೆ ಹೋಗಿದ್ದ. ಮಂಜುಳಾಗೆ ಇನ್ನೂ ಡ್ರೈವಿಂಗ್ ಕಲಿಯುವವರ ಎಲ್ ಪ್ಲೇಟು. ಆರು ವರ್ಷದ ಮಗಳನ್ನು ನನ್ನ ಹೆಂಡತಿಗೆ ಒಪ್ಪಿಸಿ, ದಾರಿ ನೋಡಲು ಸ್ಟ್ರೀಟ್ ಡೈರೆಕ್ಟರಿ ಹಿಡಿದು ಆರೂವರೆಗೆ ಹೊರಟೆವು.

ಒಂದು ಟಾಕ್‌ಗಾಗಿ ಇಷ್ಟು ಒದ್ದಾಟವೇ? ಮುಂದಿನ ವರ್ಷ ಕೊಟ್ಟರಾಗದೇ? ಗೌಲ್ಬರ್ನ್ ದಾಟುವಾಗ ಕೇಳಿಯೇಬಿಟ್ಟೆ. ಮುನ್ನೂರೈವತ್ತು ಕಿಲೋಮೀಟರ್ ಆಚೆ ಆಲ್ಬರಿಯಲ್ಲಿ ಪೆಟ್ರೋಲ್ ಹಾಕಿಸುವವರೆಗೂ ಅವಳ ಉತ್ತರ ಮುಗಿಯಲಿಲ್ಲ.

ಮಂಜುಳಾ ಓದಿದ್ದು ಗ್ರಹಗಳು ಹೇಗೆ ಹುಟ್ಟುತ್ತವೆ ಎಂಬುದನ್ನು. ಹೊಸ ನಕ್ಷತ್ರದ ಸುತ್ತ ಅನಿಲ ಮತ್ತು ಧೂಳು ತಟ್ಟೆಯ ಹಾಗೆ ತಿರುಗುತ್ತಿರುತ್ತವಂತೆ. ಧೂಳಿಗೆ ಧೂಳು ಅಂಟಿ ಕಲ್ಲಾಗಬೇಕು, ಕಲ್ಲು ಬೆಳೆದು ಗ್ರಹವಾಗಬೇಕು. ಆದರೆ ಲೆಕ್ಕ ಹಾಕಿದರೆ ಒಂದು ತೊಡಕು. ಕಲ್ಲು ಸ್ವಲ್ಪ ದೊಡ್ಡದಾದ ಕೂಡಲೇ ಅನಿಲ ಅದರ ವೇಗ ತಗ್ಗಿಸುತ್ತದೆ. ಕಲ್ಲು ಒಳಗೆ ಜಾರುತ್ತಾ ಜಾರುತ್ತಾ ನಕ್ಷತ್ರಕ್ಕೇ ಬಿದ್ದು ಹೋಗುತ್ತದೆ. ಗ್ರಹ ಆಗಲು ಟೈಮೇ ಇಲ್ಲ!

ಹಾಗಾದರೆ ನಾವು ನಿಂತಿರುವ ಈ ಭೂಮಿ ಎಲ್ಲಿಂದ ಬಂತು?

ಮೆಲ್ಬರ್ನ್‌ನಲ್ಲಿ ಪಿಎಚ್‌ಡಿ ಮಾಡುವಾಗ ಮಂಜುಳಾ ಇದಕ್ಕೊಂದು ಉತ್ತರ ಕಂಡುಕೊಂಡಿದ್ದಳು. ತಟ್ಟೆಯ ಕೆಲವು ಕಡೆ ಅನಿಲದ ಒತ್ತಡ ಹೆಚ್ಚಿರುತ್ತದೆ. ಜಾರುವ ಕಲ್ಲುಗಳು ಅಲ್ಲಿಗೆ ಬಂದು ಉಂಗುರದಂತೆ ನಿಂತುಬಿಡುತ್ತವೆ. ನಿಂತ ಮೇಲೆ ಬೆಳೆಯುತ್ತವೆ. ಒಂದು ನಿರ್ದಿಷ್ಟ ನಕ್ಷತ್ರದ ಸುತ್ತ ಆ ಉಂಗುರ ಎಷ್ಟು ದೂರದಲ್ಲಿರಬೇಕು ಎಂದೂ ಲೆಕ್ಕ ಹಾಕಿ ಹೇಳಿದಳು.

ಸೆಮಿನಾರಿನಲ್ಲಿ ಹಿರಿಯ ಪ್ರೊಫೆಸರ್ ಒಬ್ಬರು ಎದ್ದು, ಕಲ್ಲು ನಿಲ್ಲುತ್ತಿರುವುದು ಆಕಾಶದಲ್ಲಲ್ಲ, ನಿನ್ನ ಕಂಪ್ಯೂಟರ್ ಪ್ರೋಗ್ರಾಂನ ತಪ್ಪಿನಲ್ಲಿ ಎಂದರು. ಎಲ್ಲರೂ ನಕ್ಕರು. ಜರ್ನಲ್ಲಿಗೆ ಕಳಿಸಿದ ಲೇಖನ ಎರಡು ಸಲ ವಾಪಸ್ ಬಂತು. ಡಿಗ್ರಿ ಸಿಕ್ಕಿತು, ಕೆಲಸ ಸಿಗಲಿಲ್ಲ. ಮಗಳು ಹುಟ್ಟಿದಳು. ಶಿವಾನಂದನಿಗೆ ಸಿಡ್ನಿಯಲ್ಲಿ ಕೆಲಸವಾಯಿತು. ಎಪ್ಪಿಂಗ್‌ಗೆ ಬಂದು ಮಂಜುಳಾ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಶುರು ಮಾಡಿದಳು.

ನಮಗೆಲ್ಲ ಕಾಣುತ್ತಿದ್ದದ್ದು ಆ ಟ್ಯೂಷನ್ ಮಾತ್ರ. ಮಗಳು ಸ್ಕೂಲಿಗೆ ಹೋದ ಮೇಲೆ ಊಟದ ಟೇಬಲ್ಲಿನ ಮೇಲಿದ್ದ ಹಳೆಯ ದಪ್ಪ ಮಾನಿಟರ್ ಮುಂದೆ ಕೂತು ಅದೇ ಲೆಕ್ಕವನ್ನು ಮತ್ತೆ ಮತ್ತೆ ತಿರುವಿ ಹಾಕುತ್ತಿದ್ದದ್ದು ಯಾರಿಗೆ ಗೊತ್ತಿತ್ತು? ತಪ್ಪು ಹುಡುಕಿದಳು. ಸಿಗಲಿಲ್ಲ. ರೇಡಿಯೋ ಟೆಲಿಸ್ಕೋಪ್ ನಡೆಸುವವರಿಗೆ ಇಮೇಲ್ ಬರೆದಳು. ಟೆಲಿಸ್ಕೋಪ್ ಬಳಸಲು ಹಾಕಿದ ಮೂರನೇ ಅರ್ಜಿಗೆ ಒಪ್ಪಿಗೆ ಸಿಕ್ಕಿತು. ಕುರುಚಲು ಕಾಡಿನ ನಡುವಿನ ದೊಡ್ಡ ದೊಡ್ಡ ಡಿಶ್‌ಗಳು ಅವಳ ನಕ್ಷತ್ರದ ಕಡೆ ತಿರುಗಿದವು.

"ಏನು ಸಿಕ್ತು?" ಎಂದೆ.

"ಉಂಗುರ ಐತ್ರಿ ಅಣ್ಣಾರ," ಎಂದಳು ಮಂಜುಳಾ. "ನಾ ಹೇಳಿದ ಜಾಗದಾಗ ಐತಿ."

ಆಮೇಲೆ ನಾನು ಸ್ಪೀಡ್ ಲಿಮಿಟ್‌ಗಿಂತ ಒಂದೇ ಒಂದು ಕಿಲೋಮೀಟರ್ ಕಡಿಮೆ ಓಡಿಸಿದರೂ ಪಾಪ ಬರುತ್ತದೆ ಅನ್ನಿಸಿತು.

ಹಾಲ್ ತಲುಪಿದಾಗ ಐದು ಗಂಟೆ ಆರು ನಿಮಿಷ. ಪುಣ್ಯಕ್ಕೆ ಸಂಘಟಕರು ಇನ್ನೊಬ್ಬರ ಟಾಕ್ ಮುಂಚೆ ಇಟ್ಟು ಅವಳ ಸರದಿ ಉಳಿಸಿದ್ದರು. ಸುಕ್ಕಾದ ಕಾಟನ್ ಸೀರೆಯಲ್ಲೇ ವೇದಿಕೆ ಹತ್ತಿದಳು. ನಾನು ಕೊನೆಯ ಸಾಲಿನಲ್ಲಿ ಕೂತೆ. ಇಪ್ಪತ್ತು ನಿಮಿಷದಲ್ಲಿ ನನಗೆ ಅರ್ಥವಾದದ್ದು ಒಂದೇ ಸ್ಲೈಡು. ಎಡಗಡೆ ಏಳು ವರ್ಷದ ಹಿಂದಿನ ಅವಳ ಲೆಕ್ಕದ ಚಿತ್ರ, ಬಲಗಡೆ ಟೆಲಿಸ್ಕೋಪ್ ಕಂಡ ಚಿತ್ರ. ಎರಡೂ ಒಂದೇ.

ಪ್ರಶ್ನೆಗಳ ಸಮಯ ಬಂತು. ಮುಂದಿನ ಸಾಲಿನಿಂದ ಬಿಳಿ ಗಡ್ಡದವರೊಬ್ಬರು ಎದ್ದರು. ಮಂಜುಳಾ ಪೋಡಿಯಂ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅವರೇ, ಆ ಪ್ರೊಫೆಸರ್.

ತಮ್ಮದು ಪ್ರಶ್ನೆಯಲ್ಲ ಎಂದರು. ಏಳು ವರ್ಷದ ಹಿಂದೆ ಇದೇ ಊರಿನಲ್ಲಿ ನಿನ್ನ ಪ್ರೋಗ್ರಾಂ ತಪ್ಪು ಎಂದಿದ್ದೆ, ತಪ್ಪು ನನ್ನದು, ಅಂದು ಎಷ್ಟು ಜನರ ಮುಂದೆ ಹೇಳಿದೆನೋ ಅದಕ್ಕಿಂತ ಹೆಚ್ಚು ಜನರ ಮುಂದೆ ಹೇಳಬೇಕೆಂದು ಬಂದೆ ಎಂದರು. ನನ್ನ ವಿದ್ಯಾರ್ಥಿಗಳಿಗೆ ಆ ಪ್ರೋಗ್ರಾಂ ಕೊಡುತ್ತೀಯಾ ಎಂದೂ ಕೇಳಿದರು.

ಕೊಡುತ್ತೇನೆ, ಆದರೆ ಅದರೊಳಗೆ ಬರೆದುಕೊಂಡ ಟಿಪ್ಪಣಿಗಳೆಲ್ಲ ಕನ್ನಡದಲ್ಲಿವೆ ಎಂದಳು ಮಂಜುಳಾ. (ಆಮೇಲೆ ನನಗೂ ತೋರಿಸಿದಳು. ಇಂಗ್ಲಿಷ್ ಅಕ್ಷರ, ಗದಗಿನ ಮಾತು: "ಕಲ್ಲು ಇಲ್ಲಿ ನಿಂದರತೈತಿ, ಮುಟ್ಟಬ್ಯಾಡ.")

ಹಾಗಾದರೆ ಕನ್ನಡ ಕಲಿಯುತ್ತಾರೆ ಬಿಡು ಎಂದರು ಪ್ರೊಫೆಸರ್. ಈ ಸಲವೂ ಹಾಲ್ ನಕ್ಕಿತು. ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾನು ಕಣ್ಣು ಒರೆಸಿಕೊಂಡೆ. (ಹತ್ತೂವರೆ ಗಂಟೆ ಡ್ರೈವ್ ಮಾಡಿದ ಕಣ್ಣು, ಮತ್ತೇನಿಲ್ಲ.)

ಮೊನ್ನೆ ಬುಧವಾರ ಮಂಜುಳಾಗೆ ಮೆಲ್ಬರ್ನ್‌ನಿಂದ ಫೋನ್ ಬಂತು. ಮೂರು ವರ್ಷದ ರಿಸರ್ಚ್ ಹುದ್ದೆ. ತಿಂಗಳಿಗೆ ಒಂದು ವಾರ ಅಲ್ಲಿ, ಉಳಿದದ್ದು ಎಪ್ಪಿಂಗ್‌ನಲ್ಲೇ. ಮೇಲಿನ ಫ್ಲಾಟಿನಿಂದ ಅವಳು ಮೆಟ್ಟಿಲಿಳಿದು ಓಡಿ ಬಂದ ಸದ್ದು ಇಡೀ ಬಿಲ್ಡಿಂಗಿಗೆ ಕೇಳಿತು.

ಒಂದು ವಿಷಯ ಮಾತ್ರ ಇಲ್ಲಿಯವರೆಗೆ ಬರೆಯದೆ ತಪ್ಪಿಸಿಕೊಂಡೆ. ನಾಲ್ಕು ವರ್ಷದ ಹಿಂದೆ, ಆಕಾಶ ಸಾಕು ತಾಯಿ, ಸಾಫ್ಟ್‌ವೇರ್ ಟೆಸ್ಟಿಂಗ್ ಕೋರ್ಸ್ ಸೇರು ಎಂದು ಅವಳಿಗೆ ಬುದ್ಧಿ ಹೇಳಿ, ಬ್ರೋಷರ್ ಕೂಡ ತಂದುಕೊಟ್ಟವನು ನಾನೇ.

ನೀವು ಯಾರ ಕೈಗೆ ಬ್ರೋಷರ್ ಕೊಟ್ಟಿದ್ದೀರಿ?